ಹಡಗು ಹತ್ತುವ ಮುನ್ನ ಆ ಸಣ್ಣಕ್ಷರ ಓದ್ರಪ್ಪಾ!

ಟೈಟಾನಿಕ್ ಸಿನಿಮಾ ನೋಡಿ ಕಣ್ಣೀರು ಹಾಕದವರು ನಮ್ಮಲ್ಲಿ ಯಾರಿದ್ದಾರೆ? 1997ರಲ್ಲಿ ಬಂದ ಆ ಚಿತ್ರವನ್ನು ಥಿಯೇಟರಿನ ಮುಂದೆ ಕ್ಯೂ ನಿಂತು ನೋಡಿದ ಅಣ್ಣಂದಿರಿದ್ದಾರೆ, ಮೊಬೈಲಿನಲ್ಲಿ ನೋಡಿದ ತಮ್ಮಂದಿರಿದ್ದಾರೆ. ಹಡಗು ಮುರಿಯಿತು, ನಾಯಕ ತಣ್ಣೀರಿನಲ್ಲಿ ಹೆಪ್ಪುಗಟ್ಟಿದ, ಲೈಟು ಹತ್ತಿತು, ನಾವು ಮೂಗೊರೆಸಿಕೊಂಡು ಮನೆಗೆ ಬಂದೆವು.

ಆದರೆ ಗೆಳೆಯರೇ, ಒಂದು ಪ್ರಶ್ನೆಯನ್ನು ನಾವ್ಯಾರೂ ಕೇಳಲಿಲ್ಲ. ಸತ್ತವರ ಹೆಂಡಿರು ಮಕ್ಕಳಿಗೆ ಆಮೇಲೆ ಏನಾಯಿತು? ಅವರಿಗೆ ಯಾರು ಎಷ್ಟು ಕೊಟ್ಟರು?

ಕೇಳಿ. 1912ರ ಏಪ್ರಿಲ್ 15ರಂದು ಆ ಹಡಗು ಮುಳುಗಿ ಸುಮಾರು 1,500 ಜನ ಸತ್ತರು. ಹಡಗಿನ ಕಂಪನಿ ಬ್ರಿಟನ್ನಿನದು. ಅದು ಅಮೆರಿಕದ ಕೋರ್ಟಿಗೆ ಓಡಿಹೋಗಿ 1851ರ ಒಂದು ಹಳೇ ಕಾನೂನು ತೆಗೆದಿಟ್ಟಿತು. ಹಡಗು ಮುಳುಗಿದರೆ ಮಾಲೀಕನ ಹೊಣೆ, ಯಾನ ಮುಗಿದಾಗ ಹಡಗಿನಲ್ಲಿ ಏನು ಉಳಿದಿದೆಯೋ ಅಷ್ಟಕ್ಕೆ ಮಾತ್ರ ಎನ್ನುತ್ತದೆ ಆ ಕಾನೂನು. ಏನು ಉಳಿದಿತ್ತು? ಜೀವ ಉಳಿಸಿದ ಕೆಲವು ದೋಣಿಗಳು! ಆ ದೋಣಿಗಳ ಬೆಲೆ, ವಸೂಲಾದ ಬಾಡಿಗೆ ಎಲ್ಲ ಸೇರಿಸಿ 1 ಲಕ್ಷ ಡಾಲರಿಗೂ ಕಡಿಮೆ ಲೆಕ್ಕ ತೋರಿಸಿದರು. ಕೇಳಿದವರ ಬೇಡಿಕೆ ಸುಮಾರು 1 ಕೋಟಿ 60 ಲಕ್ಷ ಡಾಲರ್. ನಾಲ್ಕು ವರ್ಷ ಜಗ್ಗಾಡಿ 1916ರಲ್ಲಿ ರಾಜಿಯಾದದ್ದು ಸುಮಾರು 6 ಲಕ್ಷ 64 ಸಾವಿರಕ್ಕೆ. ನೂರು ಕೇಳಿದವರಿಗೆ ನಾಲ್ಕು!

ಅದು ಹಳೇ ಕಥೆ ಎನ್ನಬೇಡಿ. ಆ 1851ರ ಕಾನೂನು ಅಮೆರಿಕದಲ್ಲಿ ಇನ್ನೂ ಬದುಕಿದೆ. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ 'ಕನ್ಸೆಪ್ಷನ್' ಎಂಬ ಪ್ರವಾಸಿ ದೋಣಿಗೆ ಬೆಂಕಿ ಬಿದ್ದು 34 ಜನ ಸತ್ತರು. ಮಾಲೀಕರು ಮೂರೇ ದಿನದಲ್ಲಿ ಅದೇ ಕಾನೂನು ಹಿಡಿದುಕೊಂಡು ಕೋರ್ಟಿನಲ್ಲಿ ನಿಂತಿದ್ದರು. ಊರೆಲ್ಲ ಛೀ ಅಂದ ಮೇಲೆ 2022ರಲ್ಲಿ ಸಣ್ಣ ಪ್ರಯಾಣಿಕ ದೋಣಿಗಳ ಮಟ್ಟಿಗೆ ಅದನ್ನು ತಿದ್ದಿದರು. ದೊಡ್ಡ ಹಡಗುಗಳಿಗೆ ಅದು ಹಾಗೇ ಇದೆ.

ನಮಗ್ಯಾಕೆ ಈ ಉಸಾಬರಿ?

ಯಾಕೆಂದರೆ ಈಗ ಹಡಗು ಹತ್ತುವವರು ನಾವೇ. ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಕ್ರೂಸ್ ಹೋಗುತ್ತದೆ. ಬೆಂಗಳೂರಿನ ಹೊಸ ಜೋಡಿಗಳು ಸಿಂಗಪುರಕ್ಕೆ ಹಾರಿ ಅಲ್ಲಿಂದ ಹಡಗು ಹತ್ತುತ್ತಾರೆ. ಕೈಯಲ್ಲಿ ಕಾಸಾದವರು ಇಟಲಿ, ಗ್ರೀಸ್ ಎಂದು ಹೊರಡುತ್ತಾರೆ. ನಮ್ಮ ಪಣಂಬೂರಿನ ಹೊಸ ಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬಂದು ಹೋಗುತ್ತವೆ. ಹೋಗಿ, ನೋಡಿ, ಸಂತೋಷಪಡಿ. ದುಡಿದ ದುಡ್ಡಿನಲ್ಲಿ ಸಮುದ್ರ ನೋಡುವುದಕ್ಕೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ.

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಬಂದ. ಸಾಫ್ಟ್‌ವೇರ್ ಕೆಲಸ. ಅಪ್ಪ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಅಪ್ಪ ಅಮ್ಮನ ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಅವರಿಬ್ಬರನ್ನೂ ಸಿಂಗಪುರದಿಂದ ಹಡಗಿನಲ್ಲಿ ಕಳಿಸುತ್ತಿದ್ದಾನೆ. ಬಂಗಾರದಂಥ ಮಗ. "ಅಣ್ಣ, ಟಿಕೆಟ್ ಬಂತು ನೋಡಿ" ಎಂದು ಮೊಬೈಲ್ ಚಾಚಿದ. ಹಡಗಿನ ಚಿತ್ರ, ಊಟದ ಚಿತ್ರ, ಅದರ ಕೆಳಗೆ ಇಪ್ಪತ್ತೆರಡು ಪುಟ ಇಂಗ್ಲಿಷು. ಇರುವೆ ಸಾಲಿನ ಹಾಗೆ.

"ಇದನ್ನ ಓದಿದ್ದೀಯೇನಪ್ಪಾ?" ಎಂದೆ.

"ಯಾರು ಓದ್ತಾರೆ ಬಿಡಿ ಅಣ್ಣ. ಒಪ್ಪಿದ್ದೀನಿ ಅಂತ ಒತ್ತಿದೆ, ದುಡ್ಡು ಕಟ್ಟಿದೆ, ಮುಗೀತು."

ಮುಗಿಯಲಿಲ್ಲ ಸ್ವಾಮೀ, ಅಲ್ಲೇ ಶುರುವಾಯಿತು! ನಾಳೆ ಆ ಹಡಗಿನಲ್ಲಿ ಅವನ ಅಮ್ಮ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ, ಅಪ್ಪನಿಗೆ ಎದೆನೋವು ಬಂದು ಹಡಗಿನ ಡಾಕ್ಟರ್ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಮಲಗಿಸಿದರೆ, ಯಾವ ಕೋರ್ಟಿಗೆ ಹೋಗಬೇಕು, ಎಷ್ಟು ತಿಂಗಳೊಳಗೆ ಹೋಗಬೇಕು, ಯಾರನ್ನು ಕೇಳಬೇಕು, ಹೆಚ್ಚೆಂದರೆ ಎಷ್ಟು ಕೇಳಬೇಕು ಎಂಬುದನ್ನೆಲ್ಲ ಆ ಇರುವೆ ಸಾಲು ಆಗಲೇ ಬರೆದಿಟ್ಟಾಗಿದೆ. ನಮ್ಮ ಹುಡುಗ ಅದಕ್ಕೆ ಹೆಬ್ಬೆಟ್ಟು ಒತ್ತಿಯಾಗಿದೆ. ಹಿಂದೆ ಸಾಹುಕಾರನ ಪತ್ರಕ್ಕೆ ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು. ಅವರಿಗೆ ಓದು ಬರುತ್ತಿರಲಿಲ್ಲ. ನಮಗೆ ಬರುತ್ತದೆ, ಆದರೂ ಒತ್ತುತ್ತೇವೆ!

ಒಂದು ಟಿಕೆಟ್ಟಿನ ಕಥೆ

ಈ ಇರುವೆ ಸಾಲಿನ ತಾಕತ್ತು ಎಷ್ಟು ಎಂದು ತಿಳಿಯಬೇಕಾದರೆ ಅಮೆರಿಕದ ಒಂದು ಮೊಕದ್ದಮೆ ಕೇಳಬೇಕು. ಅಲ್ಲಿನ ವಕೀಲಿ ಓದುವ ಹುಡುಗರೆಲ್ಲ ಓದುವ ಷೂಟ್ ಮೊಕದ್ದಮೆ. ಆ ದೇಶದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಗಂಡ ಹೆಂಡತಿ ಊರಿನ ಏಜೆಂಟನ ಹತ್ತಿರ ಕಾರ್ನಿವಲ್ ಕಂಪನಿಯ ಹಡಗಿಗೆ ದುಡ್ಡು ಕಟ್ಟಿದರು. ಟಿಕೆಟ್ ಆಮೇಲೆ ಅಂಚೆಯಲ್ಲಿ ಬಂತು. ಲಾಸ್ ಏಂಜಲೀಸಿನಲ್ಲಿ ಹಡಗು ಹತ್ತಿದರು. ಮೆಕ್ಸಿಕೋ ಕರಾವಳಿಯ ಹತ್ತಿರ, ಹಡಗಿನ ಅಡುಗೆಮನೆ ತೋರಿಸುತ್ತೇವೆ ಬನ್ನಿ ಎಂದು ಕರೆದುಕೊಂಡು ಹೋದಾಗ, ಆ ಹೆಂಗಸು ಚಾಪೆಯ ಮೇಲೆ ಜಾರಿ ಬಿದ್ದು ಗಾಯ ಮಾಡಿಕೊಂಡರು. ತಮ್ಮ ಊರಿನಲ್ಲಿ ದಾವೆ ಹಾಕಿದರು. ಕಂಪನಿ ನಕ್ಕಿತು. ಟಿಕೆಟ್ಟಿನಲ್ಲಿ ಬರೆದಿದೆ ನೋಡಿ, ಏನೇ ತಕರಾರಿದ್ದರೂ ಫ್ಲಾರಿಡಾದ ಕೋರ್ಟಿನಲ್ಲೇ ಎಂದಿತು. ಫ್ಲಾರಿಡಾ ಎಲ್ಲಿ? ಅಮೆರಿಕದ ಆ ತುದಿಯ ಆಗ್ನೇಯ ಮೂಲೆಯಲ್ಲಿ!

ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಏಳು ಜನ ನ್ಯಾಯಮೂರ್ತಿಗಳು ಕಂಪನಿಯದೇ ಸರಿ ಎಂದರು. ಒಂದೇ ಊರಿನ ಕೋರ್ಟಾದರೆ ಕಂಪನಿಗೆ ಖರ್ಚು ಉಳಿಯುತ್ತದೆ, ಅದರಿಂದ ಟಿಕೆಟ್ ಅಗ್ಗವಾಗಿ ಪ್ರಯಾಣಿಕರಿಗೂ ಲಾಭ ಎಂಬ ವಾದ! ಇಬ್ಬರು ಒಪ್ಪಲಿಲ್ಲ. ಅವರಲ್ಲೊಬ್ಬರು ನ್ಯಾಯಮೂರ್ತಿ ಸ್ಟೀವನ್ಸ್. ಅವರು ಮಾಡಿದ ಕೆಲಸ ನೋಡಿ. ಆ ಟಿಕೆಟ್ಟಿನ ಸಣ್ಣಕ್ಷರವನ್ನು ಅದೇ ಗಾತ್ರದಲ್ಲಿ ತಮ್ಮ ತೀರ್ಪಿನ ಕೊನೆಗೆ ಅಚ್ಚು ಹಾಕಿಸಿದರು. ನೀವೇ ನೋಡಿ, ಇದನ್ನು ಯಾರು ಓದಿಯಾರು ಎಂಬಂತೆ.

ಅದು ಇಂಗ್ಲಿಷಿನವರಿಗೆ ಇಂಗ್ಲಿಷಿನಲ್ಲಿ ಬರೆದ ಟಿಕೆಟ್. ಅವರೇ ಓದಲಾರದ್ದನ್ನು ನಮ್ಮ ನಿವೃತ್ತ ಬಸ್ ಡ್ರೈವರ್ ಓದಬೇಕಂತೆ!

ಇನ್ನೂ ಇದೆ. ಅಮೆರಿಕದ ಬಂದರಿನಿಂದ ಹೊರಡುವ ಹಡಗುಗಳಿಗೆ ಅಲ್ಲಿನ ಕಾನೂನು ಒಂದು ಮಾತು ಹೇಳುತ್ತದೆ. ಗಾಯ, ಸಾವಿನ ಬಗ್ಗೆ ನೋಟಿಸ್ ಕೊಡಲು ಆರು ತಿಂಗಳಿಗಿಂತ, ದಾವೆ ಹಾಕಲು ಒಂದು ವರ್ಷಕ್ಕಿಂತ ಕಡಿಮೆ ಗಡುವು ಹಾಕಬಾರದು ಎಂದು. ದೊಡ್ಡ ಕಂಪನಿಗಳ ಟಿಕೆಟ್ಟುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ ಆರು ತಿಂಗಳು, ಅದೇ ಒಂದು ವರ್ಷ. ಒಂದು ದಿನವೂ ಹೆಚ್ಚಿಲ್ಲ. ತಿಥಿ ವೈಕುಂಠ ಸಮಾರಾಧನೆ ಮುಗಿಸಿ, ಪಾಸ್‌ಪೋರ್ಟು, ಮರಣ ಪತ್ರ, ಬ್ಯಾಂಕು ಎಂದು ಅಲೆದು ಉಸಿರು ಬಿಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಕಂಪನಿ ಎಲ್ಲಿಯದು ಎಂದು ಹುಡುಕಹೊರಟರೆ ತಲೆ ತಿರುಗುತ್ತದೆ. ಕಾರ್ನಿವಲ್ ನೋಂದಣಿಯಾಗಿ ಬೆಳೆದದ್ದು ಪನಾಮಾದ ಕಂಪನಿಯಾಗಿ, ರಾಯಲ್ ಕೆರಿಬಿಯನ್ ಲೈಬೀರಿಯಾದ್ದು, ಕಾರುಬಾರು ನಡೆಯುವುದು ಮಯಾಮಿಯಲ್ಲಿ, ಎಷ್ಟೋ ಹಡಗುಗಳ ಮೇಲೆ ಹಾರುವುದು ಬಹಾಮಾಸಿನ ಬಾವುಟ. ಬೆಂಗಳೂರಿನ ಏಜೆಂಟ್ ಹೇಳುತ್ತಾನೆ, "ನಾವು ಬರೀ ಟಿಕೆಟ್ ಕೊಡೋರು ಸಾರ್."

ನಿವೃತ್ತರ ಜೀವಕ್ಕೆ ಬೆಲೆ ಎಷ್ಟು?

ಇದು ಕೇಳಿದರೆ ರಕ್ತ ಕುದಿಯುತ್ತದೆ. ಅಮೆರಿಕದ ತೀರದಿಂದ ಮೂರು ನಾಟಿಕಲ್ ಮೈಲಿ ದಾಟಿ ಸಮುದ್ರದಲ್ಲಿ ಯಾರದೋ ತಪ್ಪಿನಿಂದ ಜೀವ ಹೋದರೆ ಅಲ್ಲಿನ 1920ರ ಒಂದು ಕಾನೂನು ಅನ್ವಯಿಸುತ್ತದೆ. ಮನೆಯವರಿಗೆ ದುಡ್ಡಿನ ನಷ್ಟ ಎಷ್ಟಾಯಿತೋ ಅಷ್ಟು ಮಾತ್ರ ಪರಿಹಾರ. ದುಃಖಕ್ಕೆ ಬೆಲೆಯಿಲ್ಲ. ತಾಯಿ ಇಲ್ಲದ ಮನೆಗೆ ಬೆಲೆಯಿಲ್ಲ. ದುಡಿಯುವ ಮಗ ಸತ್ತರೆ ಸಂಬಳದ ಲೆಕ್ಕ ಹಾಕುತ್ತಾರೆ. ಮಗು ಸತ್ತರೆ? ಮಗು ದುಡಿಯುತ್ತಿರಲಿಲ್ಲವಲ್ಲ! ನಿವೃತ್ತರಾದ ಅಜ್ಜ ಸತ್ತರೆ? ಅಂತ್ಯಕ್ರಿಯೆಯ ಖರ್ಚು, ಅದರ ಮೇಲೆ ಅಷ್ಟಿಷ್ಟು.

ವಿಮಾನದವರಿಗೆ ಈ ಕಾನೂನನ್ನು 2000ದಲ್ಲೇ ತಿದ್ದಿದರು. ಸಮುದ್ರಕ್ಕೆ ಬಿದ್ದ ವಿಮಾನದಲ್ಲಿ ಸತ್ತವರ ಮನೆಯವರು ಒಡನಾಟದ ನಷ್ಟಕ್ಕೂ ಪರಿಹಾರ ಕೇಳಬಹುದು. ಅದೇ ಸಮುದ್ರ, ಅದೇ ಸಾವು. ಮೇಲಿನಿಂದ ಬಿದ್ದರೆ ಒಂದು ಬೆಲೆ, ಹಡಗಿನಿಂದ ಬಿದ್ದರೆ ಇನ್ನೊಂದು ಬೆಲೆ. ಹಡಗಿನವರಿಗೆ ಇನ್ನೂ ತಿದ್ದಿಲ್ಲ. ನಮ್ಮ ಬೀದಿಯ ಯಜಮಾನರು ನಿವೃತ್ತರು, ಅವರ ಹೆಂಡತಿ ಗೃಹಿಣಿ. ಮಯಾಮಿಯಿಂದ ಹೊರಡುವ ಹಡಗಿಗೆ ಮಗ ಟಿಕೆಟ್ ಮಾಡಿಸಿದ್ದರೆ ಅವರಿಬ್ಬರ ಜೀವದ ಲೆಕ್ಕ ಹೀಗೆ ಆಗುತ್ತಿತ್ತು.

ಕಾಂಕಾರ್ಡಿಯಾ ಕಲಿಸಿದ ಪಾಠ

ಇನ್ನು ಇಟಲಿಗೆ ಬನ್ನಿ. 2012ರ ಜನವರಿ 13, ಶುಕ್ರವಾರ ರಾತ್ರಿ. 'ಕೋಸ್ಟಾ ಕಾಂಕಾರ್ಡಿಯಾ' ಎಂಬ ಭಾರೀ ಹಡಗು. ಒಳಗೆ 4,229 ಜನ. ಜಿಲಿಯೋ ಎಂಬ ದ್ವೀಪದ ಹತ್ತಿರ ಹಾದು ದೀಪ ತೋರಿಸಿ ಸಲಾಮು ಹೊಡೆಯುವ ಶೋಕಿಗೆ ಕ್ಯಾಪ್ಟನ್ ಹಡಗನ್ನು ದಡದ ಪಕ್ಕಕ್ಕೆ ತಂದ. ಬಂಡೆ ಹೊಟ್ಟೆ ಸೀಳಿತು. ಪ್ರಯಾಣಿಕರಿಗೆ ಹೇಳಿದ್ದೇನು? ಕರೆಂಟ್ ಹೋಗಿದೆ, ಗಾಬರಿಯಾಗಬೇಡಿ ಎಂದು! ಹಡಗು ಬಿಟ್ಟು ಹೊರಡಿ ಎಂಬ ಆಜ್ಞೆ ಬಂದದ್ದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ. 32 ಜನ ಸತ್ತರು. ಜನ ಇನ್ನೂ ಒಳಗಿರುವಾಗಲೇ ಕ್ಯಾಪ್ಟನ್ ದಡ ಸೇರಿದ್ದ.

ಅದೇ ದಿನ ಚಿವಿಟಾವೆಕ್ಕಿಯಾ ಬಂದರಿನಲ್ಲಿ ಹತ್ತಿದ ಸುಮಾರು 700 ಜನರಿಗೆ ಲೈಫ್ ಜಾಕೆಟ್ ಎಲ್ಲಿದೆ, ಯಾವ ದೋಣಿಗೆ ಹೋಗಬೇಕು ಎಂಬ ಕವಾಯತನ್ನೇ ಮಾಡಿಸಿರಲಿಲ್ಲ. 24 ಗಂಟೆಯೊಳಗೆ ಮಾಡಿಸಿದರೆ ಸಾಕೆಂದು ಆಗಿನ ನಿಯಮವಿತ್ತು. ಈ ದುರಂತದ ಮೇಲೆ ಅದನ್ನು ತಿದ್ದಿದರು. 2015ರ ಜನವರಿ 1ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ಆಗಲೇಬೇಕು.

ಇನ್ನೊಂದು ಸಂಗತಿ ನಮಗೆ ನಾಟಬೇಕು. ಹಡಗಿನ ಸಿಬ್ಬಂದಿ ಹತ್ತಾರು ದೇಶದವರು. ಆ ಗಳಿಗೆಯಲ್ಲಿ ಕ್ಯಾಪ್ಟನ್ ಕೊಟ್ಟ ಆಜ್ಞೆ ಚುಕ್ಕಾಣಿ ಹಿಡಿದವನಿಗೆ ಸರಿಯಾಗಿ ತಿಳಿಯದೆ ಅವನು ಬೇರೆ ಕಡೆಗೆ ತಿರುಗಿಸಿದ ಎಂದು ತನಿಖೆಯಲ್ಲಿ ಬಂತು. ಹಡಗು ಮುಳುಗಿದ್ದೇ ಅದರಿಂದ ಎಂದಲ್ಲ. ಆದರೆ ಸಾವು ಬದುಕಿನ ಗಳಿಗೆಯಲ್ಲಿ ಆಡಿದ ಮಾತು ಎದುರಿನವನಿಗೆ ತಿಳಿಯದಿದ್ದರೆ ಏನು ಪ್ರಯೋಜನ?

ಕಡೆಗೆ ಸಿಕ್ಕ ದೇಹ ಮುಂಬೈಯ ಒಬ್ಬ ಭಾರತೀಯನದು. ಹಡಗಿನಲ್ಲಿ ಊಟ ಬಡಿಸುತ್ತಿದ್ದವನು. 2014ರ ನವೆಂಬರಿನಲ್ಲಿ, ಹಡಗನ್ನು ಒಡೆಯುತ್ತಿದ್ದಾಗ ಅವನ ಅವಶೇಷ ಸಿಕ್ಕಿತು. ಮನೆಯವರು ಎರಡು ವರ್ಷ ಹತ್ತು ತಿಂಗಳು ಕಾದರು.

ಈಗ ದುಡ್ಡಿನ ಮಾತು. ದುರಂತವಾಗಿ ಎರಡೇ ವಾರದಲ್ಲಿ ಕಂಪನಿ ಬದುಕುಳಿದವರ ಮುಂದೆ ಕಾಗದ ಹಿಡಿಯಿತು. ತಲೆಗೆ 11 ಸಾವಿರ ಯೂರೋ, ಜತೆಗೆ ಟಿಕೆಟ್ ಮತ್ತು ಪ್ರಯಾಣದ ಖರ್ಚು. ಸಹಿ ಹಾಕಿದರೆ ಮುಂದೆ ಕೋರ್ಟಿಗೆ ಹೋಗುವಂತಿಲ್ಲ. ಎಷ್ಟೋ ಜನ ಸಹಿ ಹಾಕಿದರು. 2013ರಲ್ಲಿ ಕಂಪನಿ 10 ಲಕ್ಷ ಯೂರೋ ದಂಡ ಕಟ್ಟಿ ಕ್ರಿಮಿನಲ್ ಕೇಸಿನಿಂದ ಕೈತೊಳೆದುಕೊಂಡಿತು. ಕ್ಯಾಪ್ಟನ್‌ಗೆ 2015ರಲ್ಲಿ 16 ವರ್ಷ ಜೈಲಾಯಿತು, 2017ರಲ್ಲಿ ಮೇಲಿನ ಕೋರ್ಟೂ ಎತ್ತಿ ಹಿಡಿಯಿತು. ಸಹಿ ಹಾಕದೆ ಹಟ ಹಿಡಿದ ಒಬ್ಬ ಪ್ರಯಾಣಿಕನಿಗೆ ಹತ್ತು ವರ್ಷದ ಮೇಲೆ, 2022ರ ಜನವರಿಯಲ್ಲಿ, ಜಿನೋವಾದ ನ್ಯಾಯಾಲಯ ಸುಮಾರು 77 ಸಾವಿರ ಯೂರೋ ಕೊಡಿಸಿತು. ಮನಸ್ಸಿಗಾದ ಆಘಾತಕ್ಕೆ. ಕೋರ್ಟು ಖರ್ಚು ಬೇರೆ.

ಹನ್ನೊಂದು ಎಲ್ಲಿ, ಎಪ್ಪತ್ತೇಳು ಎಲ್ಲಿ! ಒಂದು ಸಹಿಯ ಬೆಲೆ ಅಷ್ಟು.

ಯುರೋಪಿನ ನಿಯಮ ಹೇಳುವುದೇನು?

ಎಲ್ಲ ಕಡೆಯೂ ಕತ್ತಲೆಯೇ ಎಂದುಕೊಳ್ಳಬೇಡಿ. 'ಅಥೆನ್ಸ್ ಒಪ್ಪಂದ' ಎಂಬುದೊಂದಿದೆ. 1974ರದ್ದು, 2002ರಲ್ಲಿ ತಿದ್ದುಪಡಿಯಾಯಿತು. ಅದನ್ನು ಯುರೋಪಿನ ಒಕ್ಕೂಟ 2012ರ ಡಿಸೆಂಬರ್ 31ರಿಂದ ತನ್ನ ಕಾನೂನಾಗಿ ಜಾರಿ ಮಾಡಿತು. ಕಾಂಕಾರ್ಡಿಯಾ ಮುಳುಗಿ ಹನ್ನೊಂದೂವರೆ ತಿಂಗಳ ಮೇಲೆ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇರಲಿ, ಹಾಕಿದರಲ್ಲ.

ಆ ನಿಯಮದ ಪ್ರಕಾರ ಹಡಗು ಮುಳುಗಿ, ಡಿಕ್ಕಿಯಾಗಿ, ಬಂಡೆಗೆ ಬಡಿದು, ಬೆಂಕಿ ಬಿದ್ದು ಜೀವ ಹೋದರೆ ತಲೆಗೆ ಎರಡೂವರೆ ಲಕ್ಷ ಎಸ್‌ಡಿಆರ್‌ವರೆಗೆ ಕಂಪನಿಯ ತಪ್ಪು ಸಾಬೀತು ಮಾಡುವ ಅಗತ್ಯವೇ ಇಲ್ಲ. ಯುದ್ಧ, ಭೀಕರ ಪ್ರಕೃತಿ ವಿಕೋಪದಂಥ ಕೆಲವು ಕಾರಣಗಳಿದ್ದರೆ ಮಾತ್ರ ವಿನಾಯಿತಿ. ಎಸ್‌ಡಿಆರ್ ಎಂದರೆ ಐಎಂಎಫ್ ಲೆಕ್ಕದ ಹಣ. ನಮ್ಮ ರೂಪಾಯಿಯಲ್ಲಿ ಆ ಮೊತ್ತ ಹೆಚ್ಚುಕಡಿಮೆ 3 ಕೋಟಿ. ತನ್ನ ತಪ್ಪಿಲ್ಲವೆಂದು ಕಂಪನಿ ತೋರಿಸದಿದ್ದರೆ ನಾಲ್ಕು ಲಕ್ಷ ಎಸ್‌ಡಿಆರ್‌ವರೆಗೆ ಏರುತ್ತದೆ. ಸಾವಾದರೆ ಹಕ್ಕುದಾರರು ಯಾರೆಂದು ಗೊತ್ತಾದ 15 ದಿನದೊಳಗೆ ಕೈಗೆ ಕನಿಷ್ಠ 21 ಸಾವಿರ ಯೂರೋ ಮುಂಗಡ ಕೊಡಬೇಕು. ಎಲ್ಲಕ್ಕಿಂತ ದೊಡ್ಡ ಮಾತು, ಈ ಹಕ್ಕನ್ನು ಕಡಿಮೆ ಮಾಡುವ ಸಣ್ಣಕ್ಷರವನ್ನು ಅಪಘಾತಕ್ಕೆ ಮುಂಚೆಯೇ ಟಿಕೆಟ್ಟಿನಲ್ಲಿ ಬರೆಸಿಕೊಂಡಿದ್ದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ!

ಇದು ಯಾರಿಗೆ? ಯುರೋಪ್ ಒಕ್ಕೂಟದ ಬಂದರಿನಿಂದ ಹೊರಡುವ ಅಥವಾ ಅಲ್ಲಿಗೆ ತಲುಪುವ, ಅಲ್ಲಿನ ಬಾವುಟ ಹೊತ್ತ, ಅಥವಾ ಅಲ್ಲಿ ಟಿಕೆಟ್ ಕರಾರಾದ ಹಡಗಿನ ಪ್ರಯಾಣಿಕರಿಗೆ. ನೀವು ಯಾವ ದೇಶದವರೆಂಬುದು ಮುಖ್ಯವಲ್ಲ. ಬಾರ್ಸಿಲೋನಾದಲ್ಲಿ ಹಡಗು ಹತ್ತಿದ ದಾವಣಗೆರೆಯ ಹುಡುಗನಿಗೂ ಅದೇ ಹಕ್ಕು. ದಾವೆಗೆ ಗಡುವು ಎರಡು ವರ್ಷ.

ನಮ್ಮ ಕೈಯಲ್ಲೂ ಅಸ್ತ್ರವಿದೆ

ಹಾಗಾದರೆ ಸಿಂಗಪುರದ ಹಡಗು, ಮುಂಬೈಯ ಹಡಗು ಹತ್ತಿದವರ ಗತಿ? ಕೇಳಿ, ನಮ್ಮ ಮನೆ ಬಾಗಿಲಲ್ಲೇ ಎರಡು ಬಾಗಿಲುಗಳಿವೆ. ನಮ್ಮ ಹುಡುಗರಿಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳುವುದಿಲ್ಲ.

ಮೊದಲನೆಯದು ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ, ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಕಂಪನಿಯ ಊರಿಗೆ ಓಡಬೇಕಿಲ್ಲ. ನೀವು ಕಟ್ಟಿದ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು. ವಕೀಲರೇ ಬೇಕೆಂದಿಲ್ಲ, ನೀವೇ ನಿಂತು ವಾದಿಸಬಹುದು. ಟಿಕೆಟ್ ಮಾರಿದ ಏಜೆಂಟನನ್ನೂ ಎದುರುದಾರನಾಗಿ ಸೇರಿಸಬಹುದು. ಗಡುವು ಎರಡು ವರ್ಷ. ಗ್ರಾಹಕನ ಹಕ್ಕಿಗೆ ಧಕ್ಕೆ ತರುವ ಏಕಪಕ್ಷೀಯ ಕರಾರನ್ನು 'ಅನ್ಯಾಯದ ಕರಾರು' ಎಂದು ಈ ಕಾಯ್ದೆ ಹೆಸರಿಟ್ಟು ಕರೆದಿದೆ. ಅಂಥದ್ದನ್ನು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಬಹುದು. ಕಂಪನಿಯ ಕೋಟು ತೊಟ್ಟ ವಕೀಲ ಬಂದು "ಇಲ್ಲಿ ಕೇಸು ನಡೆಯೋ ಹಾಗಿಲ್ಲ" ಎಂದು ತಕರಾರು ತೆಗೆಯುತ್ತಾನೆ, ಖಂಡಿತ ತೆಗೆಯುತ್ತಾನೆ. ತೆಗೆಯಲಿ. ಉತ್ತರ ಕೊಡಲು ಕಾಯ್ದೆ ಇದೆ.

ಎರಡನೆಯದು ನಮ್ಮ ಕರ್ನಾಟಕ ಹೈಕೋರ್ಟ್. ಹೌದು, ಬೆಂಗಳೂರಿನ ಆ ಕೆಂಪು ಕಟ್ಟಡ! 2017ರ ಸಾಗರ ವ್ಯಾಜ್ಯಗಳ ಕಾಯ್ದೆ ದೇಶದ ಕೆಲವೇ ಹೈಕೋರ್ಟುಗಳಿಗೆ ಹಡಗಿನ ಕೇಸು ನಡೆಸುವ ಅಧಿಕಾರ ಕೊಟ್ಟಿದೆ. ಅದರಲ್ಲಿ ನಮ್ಮದೂ ಒಂದು. ಹಡಗಿನ ಕೆಲಸಕ್ಕೆ ನೇರ ಸಂಬಂಧಪಟ್ಟು ಜೀವ ಹೋದರೆ, ಗಾಯವಾದರೆ ದಾವೆ ಹಾಕಬಹುದು. ಆ ಹಡಗು ನಮ್ಮ ಕಡಲಿನ ಸರಹದ್ದಿಗೆ ಬಂದರೆ ಹಡಗನ್ನೇ ಬಂಧಿಸಿ ಎಂದು ಕೋರ್ಟು ಆಜ್ಞೆ ಮಾಡಬಹುದು. ಕೆಲವು ಸಂದರ್ಭದಲ್ಲಿ ಅದೇ ಮಾಲೀಕನ ಇನ್ನೊಂದು ಹಡಗನ್ನೂ ಹಿಡಿಯಬಹುದು. ಕಂಪನಿ ಜಾಮೀನು ಹಣ ಇಡುವವರೆಗೆ ಹಡಗು ಕದಲುವಂತಿಲ್ಲ. ಪನಾಮಾದಲ್ಲಿ ಅಡಗಿ ಕುಳಿತವನ ಜುಟ್ಟು ಪಣಂಬೂರಿನಲ್ಲಿ ಸಿಗುತ್ತದೆ! ಆದರೆ ಜೀವ, ಗಾಯದ ಬಗ್ಗೆ ಹಡಗಿನ ಮೇಲಿರುವ ವಿಶೇಷ ಹಕ್ಕು ಒಂದೇ ವರ್ಷ ಬದುಕಿರುತ್ತದೆ. ತಡ ಮಾಡಿದರೆ ಹೋಯಿತು.

ಇದೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರಿಗೆ ಮಂಗಳೂರು ನೆನಪಿಸುತ್ತೇನೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಕಮರಿಗೆ ಬಿದ್ದು 158 ಜನ ಸತ್ತರು. ಸತ್ತವರಲ್ಲಿ ಒಬ್ಬರ ಮನೆಯವರು ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗದಿಂದ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದರು. 2020ರಲ್ಲಿ 7 ಕೋಟಿ 64 ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪಾಯಿತು. ಸತ್ತವರು ದೊಡ್ಡ ಸಂಬಳದ ಹುದ್ದೆಯಲ್ಲಿದ್ದವರು, ಎಲ್ಲರಿಗೂ ಅಷ್ಟು ಸಿಗುವುದಿಲ್ಲ ನಿಜ. ವಿಮಾನದ ಕಾನೂನು ಬೇರೆ, ಅದೂ ನಿಜ. ಆದರೆ ಹತ್ತು ವರ್ಷ ಜಗ್ಗದೆ ನಿಂತರಲ್ಲ, ಆ ಬಾಗಿಲು ತೆರೆಯಿತಲ್ಲ!

ಹಾಗಾದರೆ ಏನು ಮಾಡಬೇಕು?

ಒಂದು: ದುಡ್ಡು ಕಟ್ಟುವ ಮುಂಚೆ ಕರಾರಿನ ಪ್ರತಿ ಕೇಳಿ. ನಾಲ್ಕು ಸಂಗತಿ ಹುಡುಕಿ. ಹಡಗು ನಡೆಸುವವರು ಯಾರು, ಯಾವ ಊರಿನ ಕೋರ್ಟು, ನೋಟಿಸಿಗೆ ಎಷ್ಟು ದಿನ, ದಾವೆಗೆ ಎಷ್ಟು ದಿನ. ಇಷ್ಟು ಹುಡುಕಲು ಅರ್ಧ ಗಂಟೆ ಸಾಕು.

ಎರಡು: ಟಿಕೆಟ್, ಕರಾರು, ವಿಮೆಯ ಪ್ರತಿ ಮನೆಯಲ್ಲಿ ಒಬ್ಬರ ಹತ್ತಿರ ಬಿಟ್ಟು ಹೋಗಿ. ಹಡಗಿನ ಹೆಸರೇ ಗೊತ್ತಿಲ್ಲದ ತಾಯಿ ಯಾರನ್ನು ಕೇಳಬೇಕು?

ಮೂರು: ಹಡಗಿನಲ್ಲಿ ಬಿದ್ದರೆ, ಗಾಯವಾದರೆ ನಾಚಿಕೊಂಡು ಸುಮ್ಮನಿರಬೇಡಿ. ಅವತ್ತೇ ಬರೆದು ಕೊಟ್ಟು ಪ್ರತಿ ಪಡೆಯಿರಿ. ಬಿದ್ದ ಜಾಗದ ಫೋಟೋ, ನೋಡಿದವರ ಹೆಸರು ಮತ್ತು ಫೋನು, ಡಾಕ್ಟರ್ ಬರೆದ ಚೀಟಿ ಇಟ್ಟುಕೊಳ್ಳಿ. ಡಾಕ್ಟರ್ ನಮ್ಮ ನೌಕರನಲ್ಲ ಎಂದು ಕಂಪನಿಗಳು ಬಹಳ ಕಾಲ ಜಾರಿಕೊಂಡವು. ಆದರೆ 2014ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟೊಂದು ಹಡಗಿನ ಡಾಕ್ಟರ್ ಮಾಡಿದ ತಪ್ಪಿಗೆ ಕಂಪನಿಯನ್ನೂ ಹೊಣೆ ಮಾಡಬಹುದು ಎಂದಿತು.

ನಾಲ್ಕು: ಆಸ್ಪತ್ರೆಯ ಮಂಚದ ಪಕ್ಕಕ್ಕೆ, ಸಾವಿನ ಮನೆಯ ಬಾಗಿಲಿಗೆ ಚೆಕ್ಕು ಹಿಡಿದು ಬಂದವನ ಕಾಗದಕ್ಕೆ ಸಹಿ ಹಾಕಬೇಡಿ. "ವಕೀಲರಿಗೆ ತೋರಿಸ್ತೀವಿ, ಇಟ್ಟು ಹೋಗಿ" ಎನ್ನಿ. ಒಳ್ಳೆಯ ಮನಸ್ಸಿನಿಂದ ಬಂದವನಾದರೆ ಇಟ್ಟು ಹೋಗುತ್ತಾನೆ.

ಐದು: ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಟಿಕೆಟ್ಟಿನಲ್ಲಿರುವ ಗಡುವು ಯಾವುದೋ ಅದಕ್ಕಿಂತ ಮುಂಚೆ ಬರಹದಲ್ಲಿ ನೋಟಿಸ್ ಕೊಡಿ.

ಬೋರ್ಡಿನಲ್ಲಿ ಕನ್ನಡ, ಕರಾರಿನಲ್ಲಿ?

ಕೊನೆಯ ಮಾತು. ಅಂಗಡಿಯ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಬಹಳ ಸಂತೋಷ. ಬೀದಿಯಲ್ಲಿ ಕೂಗಿದವರ ಶ್ರಮ ಅದು. ಆದರೆ ಬೋರ್ಡು ನೋಡಿ ಒಳಗೆ ಹೋದ ಮೇಲೆ ಏನಾಗುತ್ತದೆ? ಬಾಗಿಲಿನ ಮೇಲೆ ಕನ್ನಡದಲ್ಲಿ 'ಪ್ರವಾಸ' ಎಂದಿರುತ್ತದೆ, ಒಳಗೆ ಸಹಿ ಹಾಕಿಸಿಕೊಳ್ಳುವ ಇಪ್ಪತ್ತೆರಡು ಪುಟದಲ್ಲಿ ಒಂದು ಅಕ್ಷರ ಕನ್ನಡವಿಲ್ಲ. ಹಣೆಗೆ ಕುಂಕುಮ, ಹೊಟ್ಟೆಗೆ ಉಪವಾಸ!

ಇಂಗ್ಲಿಷನ್ನು ಓಡಿಸಿ ಎನ್ನುತ್ತಿಲ್ಲ. ಕೇಳುತ್ತಿರುವುದು ಬಹಳ ಸಣ್ಣದು. ಕರ್ನಾಟಕದಲ್ಲಿ ಹಡಗಿನ ಟಿಕೆಟ್ ಮಾರುವ ಪ್ರತಿಯೊಬ್ಬನೂ ಒಂದು ಪುಟ ಕನ್ನಡದಲ್ಲಿ ಕೊಡಲಿ. ಯಾವ ಕೋರ್ಟು, ಎಷ್ಟು ಗಡುವು, ಎಷ್ಟು ಮಿತಿ, ಯಾರ ಹೊಣೆ. ಇಷ್ಟೇ. ತಿಳಿದುಕೊಳ್ಳುವುದು ಗ್ರಾಹಕನ ಹಕ್ಕು ಎಂದು 2019ರ ಕಾಯ್ದೆಯೇ ಹೇಳುತ್ತದೆ. ತಿಳಿಯದ ಭಾಷೆಯಲ್ಲಿ ತಿಳಿಸಿದರೆ ಅದು ತಿಳಿಸಿದ ಹಾಗೆಯೇ? ನಮ್ಮ ಪ್ರವಾಸೋದ್ಯಮ ಇಲಾಖೆ ಮನಸ್ಸು ಮಾಡಿದರೆ ಇದೊಂದು ದೊಡ್ಡ ಕೆಲಸವಲ್ಲ. ಇಲಾಖೆ ಮಾಡುವವರೆಗೆ ಟಿಕೆಟ್ ಕೊಳ್ಳುವ ನಾವು ಕೌಂಟರಿನಲ್ಲಿ ಕೇಳೋಣ. ಹತ್ತು ಜನ ಕೇಳಿದರೆ ನಗುತ್ತಾರೆ. ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ.

ಅವತ್ತು ನಮ್ಮ ಬೀದಿಯ ಹುಡುಗನೂ ನಾನೂ ರಾತ್ರಿ ಹತ್ತರವರೆಗೆ ಕುಳಿತು ಆ ಇಪ್ಪತ್ತೆರಡು ಪುಟವನ್ನು ಒಂದು ಹಾಳೆ ಕನ್ನಡಕ್ಕೆ ಇಳಿಸಿದೆವು. ಯಜಮಾನರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಓದಿ, ಮಗನ ಮುಖ ನೋಡಿ ಒಂದೇ ಮಾತು ಕೇಳಿದರು.

"ನನಗೇನಾದ್ರೂ ಆದ್ರೆ ನಿಮ್ಮಮ್ಮ ಸಿಂಗಪುರದ ಕೋರ್ಟಿಗೆ ಹೋಗಿ ನಿಲ್ಬೇಕೇನೋ?"

ಹುಡುಗನ ಬಾಯಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಏಜೆಂಟನ ಹತ್ತಿರ ಹೋಗಿ ವಿಮೆ ಮಾಡಿಸಿದ, ಎಲ್ಲದರ ಪ್ರತಿ ತಂದು ತಂಗಿಯ ಕೈಗೆ ಕೊಟ್ಟ. ಅವರು ಹಡಗಿಗೆ ಹೋಗುತ್ತಾರೆ, ಹೋಗಿ ಸುಖವಾಗಿ ಬರಲಿ. ಮೂವತ್ತು ವರ್ಷ ಈ ಊರಿನವರನ್ನು ಬಸ್ಸಿನಲ್ಲಿ ಹೊತ್ತು ಮನೆ ಮುಟ್ಟಿಸಿದ ಮನುಷ್ಯ ಕೇಳಿದ ಆ ಪ್ರಶ್ನೆಯನ್ನು ನೀವು ಪ್ರತಿಯೊಬ್ಬರೂ ಕೇಳಬೇಕು.

ಒತ್ತುವ ಮುನ್ನ ಓದಿ. ಓದಲು ಬಾರದ ಭಾಷೆಯಲ್ಲಿದ್ದರೆ ನಮ್ಮ ಭಾಷೆಯಲ್ಲಿ ಕೊಡಿ ಎಂದು ಕೇಳಿ. ಕೊಡುವವರೆಗೂ ಕೇಳುತ್ತಲೇ ಇರಿ!